ಆಯಿ ಕಟ್ಟುತ್ತಿದ್ದ ಎಲೆ

ಮೂರು ಗಂಟೆ ಕಳೆದ ಮೇಲೆ ಇಲಿಗಳ ಪಾದ ಅಳೆದಾಗ ನನಗೆ ಅಳು ಬಂತು. ಕಾಲೇಜಿನ ಪ್ರಯೋಗಾಲಯದಲ್ಲಿ ಅಳುವಂಥದ್ದೇನೂ ನಡೆದಿರಲಿಲ್ಲ. ಪಾದಕ್ಕೆ ಬಾವು ಬರಿಸುವ ಚುಚ್ಚುಮದ್ದು ಕೊಟ್ಟಿದ್ದೆವು. ಅದಕ್ಕೂ ಮೊದಲು ಒಂದು ಗುಂಪಿಗೆ ಅಂಗಡಿಯ ನೋವಿನ ಔಷಧ, ಒಂದಕ್ಕೆ ನಾನು ತಯಾರಿಸಿದ ಲಕ್ಕಿ ಎಲೆಯ ಸಾರ, ಇನ್ನೊಂದಕ್ಕೆ ಬರೀ ನೀರು ಕುಡಿಸಿದ್ದೆವು. ಲಕ್ಕಿ ಕುಡಿದ ಇಲಿಗಳಿಗೆ ಬಾವು ಕಡಿಮೆ ಬಂದಿತ್ತು. ಮಾರ್ಗದರ್ಶಕರು ಖುಷಿಯಾದರು. ತೀರಿಹೋದ ನನ್ನ ಆಯಿ, ಅವ್ವನ ತಾಯಿ, ಪರೀಕ್ಷೆ ಪಾಸಾದಳು ಎಂದು ನನಗೆ ಅನ್ನಿಸಿತ್ತು.

ಆಯಿ ತನ್ನ ಊರು ಕೊಂಕಲ್ಲಿನಲ್ಲಿ ಉಳುಕಿಗೆ, ಮೊಣಕಾಲ ನೋವಿಗೆ ಔಷಧ ಕಟ್ಟುತ್ತಿದ್ದಳು. ಕೆಂಭಾವಿಯಿಂದಲೂ ಜನ ಬರುತ್ತಿದ್ದರು. ಭಾನುವಾರ ಹೊತ್ತು ಹುಟ್ಟುವ ಮೊದಲು ಎಲೆ ತರಲು ಹೋಗುವಾಗ ನನ್ನನ್ನು ಮುಂದೆ ಬಿಟ್ಟು ತಾನು ಹಿಂದೆ ಬರುತ್ತಿದ್ದಳು.

“ತಿರುಗಿ ನೋಡಬ್ಯಾಡ. ಮಂದಿ ಕಣ್ಣಿಗಿ ಗಿಡ ಬಿದ್ರ ಔಷಧ ಹತ್ತಂಗಿಲ್ಲ.”

ಗಿಡದ ಹೆಸರನ್ನೂ ಹೇಳುವಂತಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಎಲೆ ಅಂಗೈಯಲ್ಲಿ ಮುದ್ದೆಯಾಗಿರುತ್ತಿತ್ತು. ಅದನ್ನು ಔಡಲೆಣ್ಣೆಯಲ್ಲಿ ಬಿಸಿ ಮಾಡಿ ಕಟ್ಟುತ್ತಿದ್ದಳು. ನನಗೂ ಒಮ್ಮೆ ಕಟ್ಟಿದ್ದಳು. ಬಲಗಾಲಿಗೆ ಎಂದು ನನ್ನ ನೆನಪು. ಎಡಗಾಲಿಗೆ ಎನ್ನುತ್ತಾಳೆ ಅವ್ವ. ವಾಸನೆಯ ಬಗ್ಗೆ ಮಾತ್ರ ನನಗೆ ಅನುಮಾನವೇ ಇರಲಿಲ್ಲ. ಕಾಲೇಜಿನ ತೋಟದಲ್ಲಿ ಲಕ್ಕಿ ಎಲೆ ತಿಕ್ಕಿ ಮೂಸಿದ ದಿನ ಆಯಿ ಪಕ್ಕದಲ್ಲೇ ಬಂದು ಕೂತಂತಾಗಿತ್ತು. ಆವತ್ತೇ ಸಂಶೋಧನೆಗೆ ಆ ಗಿಡ ಆರಿಸಿಕೊಂಡೆ.

ಫಲಿತಾಂಶ ಬಂದ ಮೇಲೆ ಒಣಗಿದ ಎಲೆಯ ಪೊಟ್ಟಣ ಹಿಡಿದು ಶಹಾಪುರಕ್ಕೆ ಹೋದೆ. ಅಲ್ಲಿ ದೊಡ್ಡವ್ವ ಇದ್ದಾಳೆ, ಆಯಿಯ ಹಿರಿ ಮಗಳು. ಪ್ರಯೋಗದ ಕಥೆಯೆಲ್ಲ ಅವಳಿಗೆ ಹೇಳಿದೆ.

“ಇಲಿ ಕಾಲಿಗಿ ಔಷಧ ಮಾಡಾಕತ್ತೀಯೇನ? ನಾವು ಪಾಷಾಣ ಇಟ್ಟು ಕೊಲ್ಲತೀವಿ, ನೀ ಬಾವು ಇಳಸ್ತಿ! ಇದಕ್ಕ ಇಷ್ಟ್ ವರ್ಷ ಸಾಲಿ ಕಲತಿ?” ಎಂದು ನಗುತ್ತಲೇ ಪೊಟ್ಟಣ ಮೂಸಿದಳು. “ಇದು ಲಕ್ಕಿ. ಜೋಳದಾಗ ಹಾಕೂದು, ಹುಳ ಹತ್ತಬಾರದಂತ.”

“ಆಯಿ ಕಾಲಿಗಿ ಕಟ್ತಿದ್ದದ್ದು ಇದ ವಾಸನಿ, ದೊಡ್ಡವ್ವಾ.”

“ಅದು ಅಕಿ ಸೀರಿ ವಾಸನಿ, ಹುಚ್ಚಿ. ಜೋಳದ ಚೀಲದ ಮ್ಯಾಲ ಮಡಚಿ ಇಡ್ತಿದ್ಲಲ್ಲ. ಔಷಧಕ್ಕ ಎಣ್ಣಿ ವಾಸನಿ ಬಿಟ್ರ ಏನೂ ಇರಲಿಲ್ಲ.”

“ಹಂಗಾದ್ರ ಅದು ಯಾವ ಗಿಡ?”

“ನನಗೇನ ಗೊತ್ತು? ನನ್ನೂ ಮುಂದ ಬಿಟ್ಕೊಂಡ ಹೋಗ್ತಿದ್ಲು.”

“ಒಮ್ಮಿನೂ ತಿರುಗಿ ನೋಡಲಿಲ್ಲೇನ ನೀ?”

“ನೀ ನೋಡಿದ್ದೀಯೇನ?”

ದೊಡ್ಡವ್ವ ಹೇಳಿದ್ದೂ ನೆನಪೇ ತಾನೇ, ತಪ್ಪಿರಬಹುದು ಎಂದು ಮನಸ್ಸಿನಲ್ಲೇ ವಾದಿಸಿಕೊಂಡೆ. ಆದರೆ ಜೋಳದ ಚೀಲ ಅಂದಕೂಡಲೇ ಅದರ ಮೇಲಿನ ಸೀರೆಯ ಮಡಿಕೆ ನನ್ನ ಕಣ್ಣಿಗೂ ಕಟ್ಟಿತ್ತು. ಆವತ್ತು ನನ್ನ ಕಾಲಿಗೆ ಬಟ್ಟೆ ಬಿಗಿಯುವಾಗ ಅವಳ ಮಡಿಲಲ್ಲೇ, ಆ ಸೀರೆಯಲ್ಲೇ ನನ್ನ ಮುಖ ಹುದುಗಿತ್ತು.

ಎಲೆಯನ್ನು ದೊಡ್ಡವ್ವ ಜೋಳಕ್ಕೆಂದು ಇಟ್ಟುಕೊಂಡಳು.

ಪ್ರಯೋಗದ ಲೆಕ್ಕದಲ್ಲಿ ತಪ್ಪಿಲ್ಲ. ಲಕ್ಕಿಯನ್ನು ಬಾವು ಬಂದಲ್ಲಿ ಹಚ್ಚುವವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಪ್ರಬಂಧದ ಮೊದಲ ಪುಟದಲ್ಲಿ, ಇದು ಕೊಂಕಲ್ಲಿನ ಒಬ್ಬ ಹಿರಿಯ ಹೆಂಗಸು ಬಳಸುತ್ತಿದ್ದ ಗಿಡ ಎಂದು ಬರೆದಿದ್ದೆ. ಯಾದಗಿರಿಗೆ ಮರಳುವ ಬಸ್ಸಿನಲ್ಲಿ ಆ ವಾಕ್ಯ ಹೊಡೆದುಹಾಕಿದೆ. ಇಡೀ ಪ್ರಬಂಧದಲ್ಲಿ ಆಯಿ ಇದ್ದದ್ದು ಅದೊಂದೇ ವಾಕ್ಯದಲ್ಲಿ.