ಅತ್ತೆ ಮಗಳನ್ನು ಬೇಡವೆಂದ ಪುಟ್ಟರಾಜು

ಫೋನ್ ಇಟ್ಟ ಮೇಲೂ ಇನ್ನೊಮ್ಮೆ ಮಾಡಿ ಕೇಳಿದೆ... ಯಾವ ಪುಟ್ಟರಾಜು ಅಂತ.
ಭಾನುವಾರ ವಿಡಿಯೋ ಕಾಲ್‌ನಲ್ಲಿ, ಮೂಗಿಗೆ ಆಕ್ಸಿಜನ್ ಪೈಪು ಇಟ್ಟುಕೊಂಡೇ ನನ್ನ ಹೊಟ್ಟೆಯನ್ನು ಗೇಲಿ ಮಾಡಿದವನು...
ಇವತ್ತು ಬೆಳಿಗ್ಗೆ ಇಲ್ಲ ಅಂದರೆ ಹೇಗೆ ನಂಬಲಿ?

ಪಾಂಡವಪುರದ ನಮ್ಮ ಪುಟ್ಟರಾಜು ಹೋಗಿಬಿಟ್ಟ, ಗೆಳೆಯರೇ.

ತೊಂಬತ್ತರ ದಶಕದಲ್ಲಿ ನಾವಿಬ್ಬರೂ ಒಂದೇ ಡೇರಿಯಲ್ಲಿ ಹಾಲು ಅಳೆಯುತ್ತಿದ್ದೆವು.
ಇವನು ಬೀಡಿ ಮುಟ್ಟಿದವನಲ್ಲ.
ಆದರೂ ಮೂವತ್ತು ತುಂಬುವ ಮೊದಲೇ ಹಾಲಿನ ಕ್ಯಾನ್ ಎತ್ತಿದರೆ ಏದುಸಿರು...
ಕದ್ದು ಸೇದುತ್ತಾನೆ ಅಂತ ಊರೆಲ್ಲ ರೇಗಿಸುತ್ತಿತ್ತು.
ಮನೆಯವರು ತಮ್ಮ ಆಲೆಮನೆಯ ಹೊಗೆಯನ್ನು ದೂರಿದರು.

ಕೊನೆಗೆ ಮೈಸೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದರು...
ಶ್ವಾಸಕೋಶವನ್ನು ಕಾಯುವ ಒಂದು ಅಂಶ ಇವನ ರಕ್ತದಲ್ಲಿ ಹುಟ್ಟಿನಿಂದಲೇ ಕಡಿಮೆ. ಹೊಗೆ ಕಾಯಿಲೆಯನ್ನು ಬೇಗ ತಂದಿದೆ, ಅಷ್ಟೇ.
ಅಪ್ಪ, ಅಮ್ಮ ಇಬ್ಬರಿಂದಲೂ ಬಂದಾಗ ಹೀಗೆ ಜೋರಾಗುತ್ತದಂತೆ.
ಇವನ ಅಪ್ಪ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು. ನಮ್ಮ ಕಡೆ ಅದೇನು ಹೊಸದಲ್ಲವಲ್ಲ...

ಇವನಿಗೂ ಮೊದಲೇ ಹೆಣ್ಣು ಗೊತ್ತುಮಾಡಿದ್ದರು. ಹೊಸಹೊಳಲಿನ ಸೋದರತ್ತೆ, ಅಂದರೆ ಅಪ್ಪನ ತಂಗಿಯ ಮಗಳು, ಜಯಂತಿ.
ಹಬ್ಬಕ್ಕೆ ಅವಳು ಬಂದಿದ್ದಾಳೆ ಅನ್ನುವುದು ಇವನ ಇಸ್ತ್ರಿ ಅಂಗಿ ನೋಡಿದರೇ ನಮಗೆ ತಿಳಿಯುತ್ತಿತ್ತು.
ಸಂಬಂಧದೊಳಗೇ ಮದುವೆಯಾದರೆ ಮಕ್ಕಳಿಗೂ ಬರುವ ಸಾಧ್ಯತೆ ಜಾಸ್ತಿ ಅಂದರು ಡಾಕ್ಟರು.

ಮನೆಯವರು ಬಾಯಿ ಬಿಡಬೇಡ ಅಂದರು. ಕಾಯಿಲೆಯ ಮನೆ ಅಂತ ಹೆಸರು ಬಂದರೆ ಹೆಣ್ಣು ಕೊಡುವವರೂ ಇಲ್ಲ, ತರುವವರೂ ಇಲ್ಲ.
ಇವನು ನನ್ನನ್ನು ಮೊಪೆಡ್ ಹಿಂದೆ ಕೂರಿಸಿಕೊಂಡು ನೇರ ಹೊಸಹೊಳಲಿಗೆ ಹೊರಟ. ಯಾಕೆ ಅಂತ ಹೇಳಲಿಲ್ಲ.
ನಡುಮನೆಯಲ್ಲಿ ಕೂತು ಎಲ್ಲವನ್ನೂ ಬಿಚ್ಚಿಟ್ಟ. ಜಯಂತಿ ಬಾಗಿಲಲ್ಲೇ ನಿಂತಿದ್ದಳು.

ಅತ್ತೆ ಸಿಡಿದೆದ್ದರು. "ನಮ್ ರಕ್ತಕ್ಕೇ ಐಬು ಅಂತೀಯೇನ್ಲಾ?"

"ನಿಮ್ದೂ ನಂದೂ ಒಂದೇ ರಕ್ತ ಕಣತ್ತೆ, ಅದ್ಕೇ ಬ್ಯಾಡ ಅಂತಿರದು. ಸಂಬಂಧ ಇಲ್ದಿರೋ ಕಡೆ ಗಂಡ್ ನೋಡಿ. ಇಗಳಿ, ಇವ್ನು ನಾಗಮಂಗಲದೋನು. ನಮ್ಗೂ ಇವ್ರಿಗೂ ಎಲ್ಲೂ ಕೊಟ್ಟು ತಂದಿಲ್ಲ. ಇವ್ನಿಗ್ ಕೊಡಿ."

ಕುಡಿಯುತ್ತಿದ್ದ ಕಾಫಿ ನನ್ನ ನೆತ್ತಿಗೇರಿತು.

ಅತ್ತೆ ಬಹಳ ಕಾಲ ಅವನ ಜೊತೆ ಮಾತು ಬಿಟ್ಟರು, ಆದರೂ ಅವನು ತೋರಿಸಿದ ಸಂಬಂಧವನ್ನೇ ಕೊನೆಗೆ ಒಪ್ಪಿದರು.
ಜಯಂತಿ ಬೇಗ ಒಪ್ಪಲಿಲ್ಲ... ಒಪ್ಪಿದ ಮೇಲೆ ನಮ್ಮ ಮದುವೆಯ ಚಪ್ಪರಕ್ಕೆ ಗಳ ಹಿಡಿದು ನಿಂತವನೂ ಇವನೇ.

ಲೇ ಪುಟ್ಟ...
ನೀನು ಮಾತ್ರ ಮದುವೆಯಾಗಲಿಲ್ಲ. ಕೇಳಿದರೆ "ಉಸ್ರಾಡಕ್ಕೇ ಪುರ್ಸೊತ್ತಿಲ್ಲ ಕಣ್ಲಾ" ಅನ್ನುತ್ತಿದ್ದೆ.
ನನ್ನ ಮಕ್ಕಳಿಗೆ ದೊಡ್ಡಪ್ಪನಾದೆ. ಬಂದಾಗಲೆಲ್ಲ ಬಲೂನು ತಂದು ಅವರ ಕೈಲೇ ಊದಿಸುತ್ತಿದ್ದೆ.
ಅದು ದೊಡ್ಡದಾದಷ್ಟೂ ನಿನ್ನ ಮುಖ ಅರಳುತ್ತಿತ್ತು.
ಅವರು ಊದುತ್ತಿದ್ದದ್ದು ಆಟಕ್ಕೆ. ನೀನು ನೋಡುತ್ತಿದ್ದದ್ದು ಅವರ ಉಸಿರನ್ನು.
ನಿನಗೆ ಅವಳೆಂದರೆ ಪ್ರಾಣ ಅಂತ ನನಗೆ ಗೊತ್ತಿತ್ತು. ಅವಳಿಗೂ ನೀನು... ಅದೂ ಗೊತ್ತಿತ್ತು.
ನಾವು ಮೂವರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ, ಅದರಿಂದ ಯಾರೂ ಕೆಡಲೂ ಇಲ್ಲ. ನಿನ್ನಂಥ ಗೆಳೆಯ ನನಗೆ ಇನ್ನೊಬ್ಬನಿಲ್ಲ ಕಣೋ.

ಇದನ್ನೆಲ್ಲ ಬರೆಯಲೋ ಬೇಡವೋ ಅಂತ ಜಯಂತಿಯನ್ನು ಕೇಳಿದೆ.
"ಬರೀರಿ. ಬಾವ ಏನ್ನೂವೆ ಮುಚ್ಚಿಡ್ನಿಲ್ಲ, ನೀವೂ ಮುಚ್ಚಿಡ್ಬ್ಯಾಡಿ" ಅಂದಳು.
ಈಗ ಒಳಗೆ ಬಾಗಿಲು ಹಾಕಿಕೊಂಡು ಅಳುತ್ತಿದ್ದಾಳೆ...
ಮಕ್ಕಳು ಸಮಾಧಾನ ಮಾಡಲು ಎದ್ದರು. ನಾನೇ ತಡೆದೆ.
ಆ ಅಳು ನಿನಗೆ ಸೇರಬೇಕಾದದ್ದು.

ಇಷ್ಟು ವರ್ಷ ಒಂದೊಂದು ಉಸಿರಿಗೂ ಹೆಣಗಿದ ಜೀವ... ಇನ್ನು ನೆಮ್ಮದಿಯಾಗಿ ಮಲಗಲಿ.
ಹೋಗಿ ಬಾ, ಪುಟ್ಟ.