ಮೇಷ್ಟ್ರ ಮೇಲೆ ಹೇಳಿದ ವಾಕ್ಯ

ಮೊನ್ನೆ ಮೊಮ್ಮಗಳ ಶಾಲೆಯ ಚಾರ್ಟಿಗೆ ಚಿತ್ರ ಅಂಟಿಸಬೇಕಿತ್ತು. ಗಮ್ ಮುಗಿದಿತ್ತು, ಅಂಗಡಿ ಇನ್ನೂ ತೆರೆದಿರಲಿಲ್ಲ. ನಮ್ಮ ಕಾಲದ ಉಪಾಯ ತೋರಿಸುತ್ತೇನೆ ಬಾ ಎಂದು ಜಂಬ ಕೊಚ್ಚಿಕೊಂಡು, ಸಣ್ಣ ಪಾತ್ರೆಯಲ್ಲಿ ಮೈದಾ ಕಲಸಿ ಒಲೆಯ ಮೇಲಿಟ್ಟೆ. ಗಟ್ಟಿಯಾಗುತ್ತಾ ಬಂದಂತೆ ಬೆಂದ ಹಿಟ್ಟಿನ ಒಂದು ವಾಸನೆ ಎದ್ದಿತು... ಸೌಟು ತಿರುಗಿಸುತ್ತಿದ್ದ ಕೈ ನಿಂತೇಹೋಯಿತು. ನಮ್ಮ ಇಂಗ್ಲಿಷ್ ಮೇಷ್ಟ್ರ ಬೆರಳುಗಳಲ್ಲಿ ಸದಾ ಇರುತ್ತಿದ್ದ ವಾಸನೆ ಅದು. ಅಂಟು ತಳ ಹಿಡಿಯಿತು, ಮೊಮ್ಮಗಳು ನಕ್ಕಳು.

ನಮ್ಮದು ಶ್ರೀನಿವಾಸಪುರ ತಾಲ್ಲೂಕು, ಯಲ್ದೂರಿನ ಹತ್ತಿರದ ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇವೆರಡೂ ನಾಲಿಗೆಯ ಮೇಲೆ ಜಾಗಕ್ಕಾಗಿ ಕಿತ್ತಾಡುತ್ತಿರುವಾಗಲೇ ಐದನೇ ತರಗತಿಗೆ ಇಂಗ್ಲಿಷೂ ಬಂದು ಕೂತಿತು. ಎಪ್ಪತ್ತರ ದಶಕದ ನಡುಭಾಗದ ಮಾತು. ಆ ಮೇಷ್ಟ್ರು ಬರುವ ತನಕ ನಮಗೆ ಇಂಗ್ಲಿಷ್ ಎಂದರೆ ಬಾಯಿಪಾಠ ಮತ್ತು ಬೆತ್ತ, ಅಷ್ಟೇ.

ಅವರು ಬಂದವರೇ ಊರವರನ್ನು ಕೇಳಿದ್ದು ಹಳೆಯ ಲಗ್ನಪತ್ರಿಕೆಗಳನ್ನು. ಎರಡೆರಡು ಪತ್ರಿಕೆ ತೆಗೆದುಕೊಂಡು, ಅಚ್ಚಾದ ಮುಖ ಒಳಗೆ ಮಾಡಿ ಮೈದಾ ಅಂಟಿನಿಂದ ಅಂಟಿಸುತ್ತಿದ್ದರು. ಒಣಗಿದ ಮೇಲೆ ಚೀಟಿಗಳಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಇಂಗ್ಲಿಷ್ ಪದ ಬರೆಯುತ್ತಿದ್ದರು. ವರ್ಬಿಗೊಂದು ಡಬ್ಬ, ಪ್ರೊನೌನಿಗೊಂದು, ಅಡ್ಜೆಕ್ಟಿವ್ವಿಗೊಂದು. ಅಂಚಿನಲ್ಲಿ ಅರಿಸಿನ ಉಳಿದ ಚೀಟಿ ಕೈಗೆ ಬಂದರೆ ನಮಗೆ ಹಬ್ಬ. "ಮೇಷ್ಟ್ರಿಗೆ ಎರಡು ಪತ್ರಿಕೆ ಕೊಡ್ರಪ್ಪಾ, ಒಂದು ಊಟಕ್ಕೆ, ಇನ್ನೊಂದು ಪಾಠಕ್ಕೆ" ಎಂದು ಮದುವೆ ಮನೆಯವರು ತಮಾಷೆ ಮಾಡುತ್ತಿದ್ದರು.

"ವರ್ಬು ಗಾಡಿ ಎಳೆಯೋ ಎತ್ತು ಕಣ್ರೋ. ಪ್ರೊನೌನು ಗಾಡಿ ಮೇಲೆ ಕೂತಿರೋನು. ಅಡ್ಜೆಕ್ಟಿವ್ವು ಎತ್ತಿನ ಕೊಂಬಿಗೆ ಕಟ್ಟೋ ಕುಚ್ಚು. ಕುಚ್ಚಿಲ್ದಿದ್ರೂ ಗಾಡಿ ಹೋಗುತ್ತೆ, ಅದಕ್ಕೇ ನೋಡ್ಕೊಂಡು ಕಟ್ಬೇಕು" ಎನ್ನುತ್ತಿದ್ದರು. ಪ್ರತಿದಿನ ಮೂರು ಡಬ್ಬಗಳಿಂದ ಒಂದೊಂದು ಚೀಟಿ ಎತ್ತಿ, ನಮ್ಮ ಮನೆಯದೋ ಬೀದಿಯದೋ ಸಂಗತಿಯನ್ನೇ ವಾಕ್ಯ ಮಾಡಿ ಹೇಳಬೇಕು. ಒಂದೇ ಕಟ್ಟಳೆ: ಹೇಳಿದ್ದು ನಿಜವಾಗಿರಬೇಕು. ಕುಳ್ಳಗಿದ್ದ ಅಪ್ಪನನ್ನು ಒಬ್ಬ ಹುಡುಗ 'ಟಾಲ್' ಎಂದಾಗ, ಮನೆಗೆ ಹೋಗಿ ಅಪ್ಪನ ಪಕ್ಕ ನಿಂತು ನೋಡಿಕೊಂಡು ಬಾ ಎಂದು ಕಳಿಸಿದ್ದರು. ಹಾಗೆ ಎಮ್ಮೆ, ಅಜ್ಜಿ, ಮಾವಿನ ತೋಪಿನ ಕಾವಲುಗಾರ ಎಲ್ಲರೂ ನಮ್ಮ ಇಂಗ್ಲಿಷಿನೊಳಗೆ ಬಂದು ಸೇರಿದರು. ನನಗೆ ಸೋಜಿಗವಾಗಿದ್ದು 'ಹಿ' ಎಂಬ ಪದ. ಅಪ್ಪನಿಗೂ ಅದೇ, ಕಾವಲುಗಾರನಿಗೂ ಅದೇ, ಮೇಷ್ಟ್ರಿಗೂ ಅದೇ. ಅವನು, ಅವರು ಎಂಬ ಭೇದವೇ ಇಲ್ಲ.

ಮೇಷ್ಟ್ರ ಹೆಂಡತಿಗೆ ಉಬ್ಬಸ. ರಾತ್ರಿಯೆಲ್ಲ ಅವರ ಬೆನ್ನು ನೀವುತ್ತಾ ಮೇಷ್ಟ್ರು ಎಚ್ಚರವಿರುತ್ತಿದ್ದರು. ನಮ್ಮಮ್ಮ ಅವರ ಮನೆಗೆ ದಿನವೂ ರಾಗಿ ಗಂಜಿ ಕಳಿಸುತ್ತಿದ್ದಳು, ತೆಗೆದುಕೊಂಡು ಹೋಗುತ್ತಿದ್ದವಳು ನಾನೇ. ರಾತ್ರಿ ನಿದ್ದೆ ಇಲ್ಲದ್ದರಿಂದ ಮಧ್ಯಾಹ್ನ ನಾವು ಕಾಪಿ ಬರೆಯುವಾಗ ಮೇಷ್ಟ್ರು ಗೋಡೆಗೆ ತಲೆ ಒರಗಿಸಿ ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದರು. ನಾವು ಸದ್ದು ಮಾಡುತ್ತಿರಲಿಲ್ಲ. ಹೆಡ್‌ಮೇಷ್ಟ್ರ ಚಪ್ಪಲಿ ಸದ್ದು ಕೇಳಿದರೆ ಬಾಗಿಲ ಹತ್ತಿರ ಕೂತವರು ಸ್ಲೇಟು ಬೀಳಿಸಬೇಕು. ಯಾರೂ ಹೇಳಿಕೊಡದೆ ನಾವೇ ಮಾಡಿಕೊಂಡಿದ್ದ ಏರ್ಪಾಡು ಅದು. ನಮ್ಮಲ್ಲಿ ಒಬ್ಬರೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ನಾನು ಏಳನೇ ತರಗತಿಯಲ್ಲಿದ್ದಾಗ ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರು ಬರುತ್ತಾರೆಂದು ಸುದ್ದಿಯಾಯಿತು. ಇಂಗ್ಲಿಷಿನಲ್ಲಿ ಸ್ವಾಗತ ಭಾಷಣ ಓದುವವಳು ನಾನೇ ಎಂದು ನಾನೇ ತೀರ್ಮಾನಿಸಿಕೊಂಡು, ಎಮ್ಮೆ ಮೇಯಿಸುವಾಗಲೂ ಅಭ್ಯಾಸ ಮಾಡಿದ್ದೆ. ಮೇಷ್ಟ್ರು ನನ್ನ ಪಕ್ಕ ಕೂರುವವಳನ್ನು ಆರಿಸಿದರು. ಆ ದಿನದಿಂದ ಅವರ ಮುಖ ನೋಡುವುದನ್ನೇ ಬಿಟ್ಟೆ. ಗಂಜಿ ಕೊಡಲು ಹೋದರೂ ಪಾತ್ರೆಯನ್ನು ಹೊಸ್ತಿಲಲ್ಲೇ ಇಟ್ಟು ಓಡಿ ಬರುತ್ತಿದ್ದೆ.

ಇನ್ಸ್‌ಪೆಕ್ಟರಿಗೆ ಡಬ್ಬಗಳು ಬಹಳ ಹಿಡಿಸಿದವು. ಯಾರಾದರೂ ಎತ್ತಲಿ ಎಂದರು. ಮೇಷ್ಟ್ರು ನನ್ನನ್ನು ಕರೆದರು. ನನಗೆ ಬೇಸರವಾಗಿದೆ ಎಂದು ಗೊತ್ತಿದ್ದೇ ಕರೆದರೋ ಏನೋ... ನನ್ನ ಕೈಗೆ ಬಂದದ್ದು 'ಹಿ', 'ಸ್ಲೀಪ್', 'ಲೇಜಿ'. ಮೊದಲು ನಾಲಿಗೆಯ ತುದಿಗೆ ಬಂದದ್ದು ನನ್ನ ಅಣ್ಣ. ಬಿಸಿಲೇರಿದರೂ ಏಳದ ಮಹಾ ಸೋಮಾರಿ ಅವನು, ಮೂರೂ ಚೀಟಿ ಅವನಿಗೆಂದೇ ಬರೆದಂತಿದ್ದವು. ಅದನ್ನು ನುಂಗಿಕೊಂಡು ಗಟ್ಟಿಯಾಗಿ ಹೇಳಿದೆ: "ಅವರ್ ಮಾಸ್ಟರ್ ಈಸ್ ಲೇಜಿ. ಹಿ ಸ್ಲೀಪ್ಸ್ ಇನ್ ದಿ ಕ್ಲಾಸ್."

ಕನ್ನಡದಲ್ಲಾಗಿದ್ದರೆ ನನಗೆ ಆ ಧೈರ್ಯ ಬರುತ್ತಿರಲಿಲ್ಲ. 'ನಮ್ಮ ಮೇಷ್ಟ್ರು' ಎಂದ ಕೂಡಲೇ 'ಅವರು' ಎನ್ನಬೇಕು, ಅವರು ಎಂದ ಮೇಲೆ ಸೋಮಾರಿ ಎನ್ನಲು ಬಾಯಿ ಬಾರದು. ಇಂಗ್ಲಿಷಿನಲ್ಲಿ ಏನೂ ಅಡ್ಡ ಬರಲಿಲ್ಲ. ಬಾಗಿಲ ಹತ್ತಿರ ಯಾರೋ ಸ್ಲೇಟು ಬೀಳಿಸಿದರು.

ಇನ್ಸ್‌ಪೆಕ್ಟರು ಮೊದಲು ನಕ್ಕರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಹೌದೇನ್ರೀ?" ಎಂದರು.

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. "ವಾಕ್ಯ ಸರಿಯಾಗಿದೆ ಸಾರ್" ಎಂದರು. ಆಮೇಲೆ ನನಗೆ, "ಕೂತ್ಕೋಮ್ಮ" ಎಂದರು, ಬೇರೆ ದಿನ ಹೇಳುವ ಹಾಗೇ.

ಅವತ್ತು ಸಂಜೆ ಶಾಲೆಯಲ್ಲಿ ನಡೆದದ್ದು ಅಮ್ಮನ ಕಿವಿಗೂ ಬಿತ್ತು. "ಎಂತ ಪನಿ ಚೇಸಿನಾವೇ, ಎಂಥಾ ಕೆಲ್ಸ ಮಾಡ್ಬಿಟ್ಟೆ! ಮೇಷ್ಟ್ರನ್ನ ಎಲ್ಲಿಗಾದ್ರೂ ಎತ್ತಾಕಿದ್ರೆ ಆ ಯಮ್ಮನ್ನ ನೋಡ್ಕೊಳ್ಳೋರು ಯಾರೇ?" ಎಂದು ತಲೆಯ ಮೇಲೆ ಕೈ ಹೊತ್ತು ಕೂತಳು. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ತಿಂಗಳೊಳಗೆ ಮೇಷ್ಟ್ರಿಗೆ ವರ್ಗವಾಯಿತು, ಮುಳಬಾಗಿಲು ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಗೆ. ಅಲ್ಲಿಗೆ ಬಸ್ಸಿರಲಿಲ್ಲ, ಹತ್ತಿರದಲ್ಲಿ ಡಾಕ್ಟರೂ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಸಾಮಾನಿನ ನಡುವೆ ಹೆಂಡತಿಯನ್ನು ಒರಗಿಸಿ ಕೂರಿಸಿಕೊಂಡು ಹೊರಟರು. ಮಕ್ಕಳೆಲ್ಲ ಊರ ಕೊನೆಯವರೆಗೂ ಹೋದರು. ನಾನು ಹೊಟ್ಟೆನೋವೆಂದು ಮಲಗಿದ್ದೆ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನೂ ಇಂಗ್ಲಿಷ್ ಟೀಚರಾಗಿದ್ದೆ. ಒಂದು ದಿನ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ತಲೆ ಪೂರಾ ನರೆತಿತ್ತು. ಗುರುತು ಹಿಡಿದದ್ದು ಅವರೇ. ಅಮ್ಮ ಹೇಗಿದ್ದಾಳೆ ಎಂದು ವಿಚಾರಿಸಿ, "ನಮ್ಮೋಳು ಇಲ್ಲಿಗೆ ಬಂದ ಎರಡನೇ ವರ್ಷಕ್ಕೇ ಹೋಗ್ಬಿಟ್ಳಮ್ಮ" ಎಂದರು. ಆಮೇಲೆ ಜೊತೆಯಲ್ಲಿದ್ದ ಕಿರಿಯ ಮೇಷ್ಟ್ರಿಗೆ ನನ್ನನ್ನು ತೋರಿಸಿ ಉತ್ಸಾಹದಿಂದ, "ಇವಳು ನನ್ನ ಸ್ಟೂಡೆಂಟು. ನಿಜಾನೇ ಹೇಳ್ಬೇಕು ಅಂದಿದ್ದೆ ನೋಡಿ, ಇನ್ಸ್‌ಪೆಕ್ಟರ ಮುಂದೆ ನನ್ನ ಮೇಲೇ ಹೇಳಿದ್ಳು! ಇಂಥ ಮಕ್ಕಳು ಎಷ್ಟು ಜನ ಸಿಗ್ತಾರೆ?" ಎಂದರು.

ಅದು ನಿಜವಲ್ಲ ಮೇಷ್ಟ್ರೇ, ನೀವು ಸೋಮಾರಿಯಲ್ಲ ಎಂದು ನನಗೆ ಗೊತ್ತಿತ್ತು, ಹೊಟ್ಟೆಕಿಚ್ಚಿಗೆ ಅಂದೆ, ಎಂದು ಹೇಳಬಹುದಿತ್ತು. ಬಸ್ಸು ಹೊರಡಲು ಇನ್ನೂ ಸಮಯವಿತ್ತು. ನಾನು ಹಲ್ಲು ಬಿಟ್ಟುಕೊಂಡು ನಿಂತೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ಬಸ್ಸು ಹತ್ತಿ ಹೋದರು. ಅದಾದ ಕೆಲವು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಯಾರದೋ ಬಾಯಿಂದ ಬಂತು...

ಈ ಕಥೆಯನ್ನು ನನ್ನ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಮೊನ್ನೆ ಮೊಮ್ಮಗಳಿಗೂ ಹೇಳಿದೆ. "ಪಾಪ, ನೀನಾಗ ಚಿಕ್ಕೋಳು ಬಿಡಜ್ಜಿ" ಎಂದಳು ಅವಳೂ. ಎಲ್ಲರೂ ಹಾಗೇ ಎನ್ನುತ್ತಾರೆ, ಏಕೆಂದರೆ ನಾಲಿಗೆಯ ತುದಿಗೆ ಮೊದಲು ಅಣ್ಣ ಬಂದಿದ್ದ ಎಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ. ಇಲ್ಲಿ ಬರೆದಿದ್ದೇನೆ. ಕೇಳಿಸಿಕೊಳ್ಳಬೇಕಾಗಿದ್ದವರು ಒಬ್ಬರೇ, ಅವರು ಈಗ ಇಲ್ಲ.