ಬೇವಿನ ಬುಡದ ಕಲ್ಲು

ನಿಜಾಮನ ಕಾಲದಾಗ ಯಲಬುರ್ಗಾದ ಸಾಲಿಯೊಳಗ ಊರ ಹೊರಗಿನ ನಮ್ಮ ಕೇರಿಯವರಿಗೆ ಜಾಗ ಇರಲಿಲ್ಲ. ನಮ್ಮಣ್ಣ ಹೊರಗ ಬೇವಿನ ಗಿಡದ ಬುಡಕ್ಕ ಕುಂತು, ಕಿಟಕಿಯಿಂದ ಕಿವಿಗೆ ಬಿದ್ದಷ್ಟು ಕಲಿತ. ಅವನಿಗೆ ರೊಟ್ಟಿ ಒಯ್ದು ಕೊಡತಿದ್ದ ತಂಗಿ ನಾನು, ಎಲ್ಲಾ ಕಣ್ಣಾರೆ ಕಂಡೀನಿ.

ಒಳಗಿನ ಹುಡುಗರು ತಪ್ಪಿದರ ಮಾಸ್ತರು ಬೆತ್ತದಿಂದ ಹೊಡೀತಿದ್ರು. ನಮ್ಮಣ್ಣನಿಗೆ ತಾಗಿದರ ಬೆತ್ತನೂ ಮೈಲಿಗಿ, ಹಿಡಿದ ಕೈನೂ ಮೈಲಿಗಿ. ಅದಕ್ಕ ಅವರು ಬಾಗಿಲದಾಗ ನಿಂತು ಎರಿಮಣ್ಣಿನ ಹೆಂಟಿ ಒಗೀತಿದ್ರು. ಒಣಗಿದ ಎರಿ ಹೆಂಟಿ ಅಂದ್ರ ಕಲ್ಲಿದ್ದಂಗ. ಒಂದು ಹೆಂಟಿ ಅಣ್ಣನ ಎಡಗಿವಿಗೆ ಬಿತ್ತು. ಆ ಕಿವಿ ಮತ್ತ ಕೇಳಲಿಲ್ಲ.

ಮುಂದ ಅಣ್ಣ ಬಾವಿ, ಗುಡಿ, ಚಾದಂಗಡಿ ಅಂತ ನಮ್ಮ ಮಂದಿ ಹಕ್ಕಿಗಾಗಿ ಬಡದಾಡಿ, ಜೇಲು ಕಂಡು ಹೆಸರಾದ. ನಿಜಾಮ ಹೋದ ಮ್ಯಾಲ ಊರವರಿಗೆ ಅವನ ಮ್ಯಾಲ ಒಮ್ಮಿಗೇ ಪ್ರೀತಿ ಉಕ್ಕಿತು. ‘ಇಲ್ಲೇ ಕಲಿತರು’ ಅಂತ ಕಲ್ಲು ಕೆತ್ತಿಸಿದ್ರು. ನಿಲ್ಲಿಸಿದ್ದು ಅದೇ ಬೇವಿನ ಬುಡಕ್ಕ, ಸಾಲಿ ಒಳಗಲ್ಲ.

ಕಲ್ಲು ನಿಲ್ಲಿಸಿದ ದಿನ ಭಾಷಣ ಕೇಳಾಕ ಅಣ್ಣ ಬಲಗಿವಿ ಮುಂದ ಮಾಡಿ, ತಲಿ ವಾಲಿಸಿ ಕುಂತಿದ್ದ. “ಎಷ್ಟು ವಿನಯ ನೋಡ್ರಿ” ಅಂದ ಒಬ್ಬ ಸಾವಕಾರ.

ಕಡಿಗೆ ಮಾಸ್ತರು ಹಾರ ಹಿಡಕೊಂಡು ಎದ್ರು. ಮುದುಕರಾಗಿದ್ರು, ಕೈ ನಡುಗತಿತ್ತು. ಹತ್ರ ಬರಲಿಲ್ಲ, ದೂರ ನಿಂತೇ ಒಗದ್ರು. ಹಾರ ನೆಟ್ಟಗ ಅಣ್ಣನ ಕೊರಳಿಗೆ ಬಿತ್ತು. ಮಂದಿ ಚಪ್ಪಾಳಿ ತಟ್ಟಿದ್ರು.

ಇಷ್ಟು ವರ್ಷಾದರೂ ಅವರ ಗುರಿ ತಪ್ಪಿರಲಿಲ್ಲ.